ಮೂರನೇ ಬೆಡ್‌ರೂಮಿನಲ್ಲಿ ವೈಕಿಂಗರು

ಬಗ್ಗಿ ನೋಡಿದ್ದೇ ತಪ್ಪಾಯಿತು. ಸುಮ್ಮನೆ ನೆಟ್ಟಗೆ ನಿಂತಿದ್ದರೆ ವಚನಾಗೆ ತನ್ನದೇ ಒಂದು ಕೋಣೆ ಬೇಗ ಸಿಗುತ್ತಿತ್ತು.

ಅವಳ ಸೋದರಮಾವ ಮಹಾಂತಪ್ಪ ನ್ಯೂಜಿಲೆಂಡಿನ ಫ್ಲ್ಯಾಟ್ ಬುಷ್‌ನಲ್ಲಿ ಮನೆ ಕಟ್ಟಿಸುತ್ತಿದ್ದ. ಪಾಯ ತೋಡಿ ಮುಗಿದಿತ್ತು, ಆ ಶನಿವಾರ ಬೆಳಿಗ್ಗೆ ಕಾಂಕ್ರೀಟ್ ಲಾರಿ ಬರುವುದಿತ್ತು. ಮಾವನಿಗೆ ಡ್ಯೂಟಿ. ಬಿಲ್ಡರ್ ಬೇರೆ ಕಡೆ ಹೋಗಿದ್ದ. ಅತ್ತೆ ಚಂದ್ರವ್ವ ಪಾಪಕುರಾದ ಬಾಡಿಗೆ ಮನೆಯಲ್ಲಿ ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು. ಹೀಗಾಗಿ ಬೇಲಿಯ ಗೇಟು ತೆಗೆದು ಲಾರಿಯನ್ನು ಒಳಗೆ ಬಿಡುವ ಕೆಲಸ ವಚನಾಳ ಪಾಲಿಗೆ ಬಂತು. ಅದಕ್ಕಿಂತ ದೊಡ್ಡ ಕೆಲಸ ಅವಳಿಗೆ ವಹಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹಾಲು ಕಾಯಿಸು ಎಂದರೆ ಉಕ್ಕುವ ಹಾಲಿನಲ್ಲಿ ಸಮುದ್ರಮಥನ ನೋಡುತ್ತ ನಿಲ್ಲುವವಳು ಅವಳು. ಪಾಪಕುರಾದಲ್ಲಿ ಇಳಿಯುವುದನ್ನು ಮರೆತು ರೈಲಿನಲ್ಲಿ ಮುಂದಿನ ಊರಿಗೆ ಹೋಗಿ, ಅಲ್ಲಿಂದ ಫೋನ್ ಮಾಡಿ, “ಮಾಮಾ, ಇಲ್ಲಿ ಮೋಡ ಭಾಳ ಚಂದ ಅದಾವ” ಎಂದವಳು.

“ಗೇಟ್ ತಗಿ, ಸುಮ್ಮನ ನಿಂದ್ರು. ಬ್ಯಾರೆ ಏನೂ ಮಾಡಬ್ಯಾಡ,” ಎಂದು ಮಾವ ಹೇಳಿ ಹೋಗಿದ್ದ. “ಈ ಲಾರಿ ತಪ್ಪಿತಂದ್ರ ಮುಂದಿನ ಸರದಿ ಈಸ್ಟರ್ ಮುಗದ ಮ್ಯಾಲ.”

ತಪ್ಪಬಾರದು ಎಂಬ ಆಸೆ ಎಲ್ಲರಿಗಿಂತ ಅವಳಿಗೇ ಹೆಚ್ಚು. ಎರಡು ವರ್ಷದಿಂದ ಅವಳ ಹಾಸಿಗೆ ಎಂದರೆ ಲೌಂಜಿನ ಸೋಫಾ. ಮಾವನ ಕ್ರಿಕೆಟ್ಟು ಮುಗಿದು, ಅತ್ತೆ ಬಾಗಲಕೋಟೆಗೆ ಮಾಡಿದ ಫೋನು ಮುಗಿದು, ಆಮೇಲೆ ಅವಳ ನಿದ್ದೆ. ಹೊಸ ಮನೆಯ ಮೂರನೇ ಬೆಡ್‌ರೂಮು ಅವಳದು ಎಂದು ತೀರ್ಮಾನವಾಗಿತ್ತು. ಕಿಟಕಿ ಎಲ್ಲಿ ಬರುತ್ತದೆ, ಅಲ್ಲಿಂದ ಮೋಡ ಕಾಣುತ್ತದೋ ಇಲ್ಲವೋ ನೋಡಿಯೇ ಬಿಡೋಣ ಎಂದು ಆ ಮೂಲೆಯ ಪಾಯದ ಹತ್ತಿರ ಹೋದಳು. ಕೆಳಗೆ ಮಣ್ಣಿನಲ್ಲಿ ಏನೋ ಮಿಣಕ್ ಎಂದಿತು. ಬಗ್ಗಿದಳು.

ಒಂದು ನಾಣ್ಯ. ಉಗುರಿನಷ್ಟು ತೆಳ್ಳಗೆ, ಅಂಚು ಅಂಕುಡೊಂಕು. ಒಂದು ಕಡೆ ಬದನೆಕಾಯಿಯಂಥ ಕಣ್ಣಿನ ರಾಜ, ಇನ್ನೊಂದು ಕಡೆ ಶಿಲುಬೆ.

ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ನೆಲದಡಿ ಒಂದು ನಾಣ್ಯ ಸಿಕ್ಕಿತು ಎಂದರೆ ಅದರ ಹಿಂದೆ ಏಳು ಕೊಪ್ಪರಿಗೆ ಹೊನ್ನು, ಕಾವಲಿಗೆ ಒಂದು ಘಟಸರ್ಪ ಇರಲೇಬೇಕು. ನ್ಯೂಜಿಲೆಂಡಿನಲ್ಲಿ ಹಾವುಗಳೇ ಇಲ್ಲವಾದ್ದರಿಂದ ವಚನಾಗೆ ಅರ್ಧ ಭಯ ಅಲ್ಲೇ ಕಡಿಮೆಯಾಯಿತು. ಉಳಿದರ್ಧ ಭಯವನ್ನು ಲೈಬ್ರರಿಯ ಪುಸ್ತಕವೊಂದು ಕಳೆಯಿತು. ಇಂಥದೇ ರಾಜ, ಇಂಥದೇ ಶಿಲುಬೆಯ ಚಿತ್ರವನ್ನು ಅದರಲ್ಲಿ ನೋಡಿದ್ದಳು. ನಾರ್ಸ್ ಜನರ ನಾಣ್ಯ. ಸಾವಿರ ವರ್ಷದ ಹಿಂದೆ ಉದ್ದುದ್ದ ಹಡಗುಗಳಲ್ಲಿ ಕಡಲು ಸುತ್ತಿದ ವೈಕಿಂಗರದು. ಹಾಗಾದರೆ ಅವರು ಇಲ್ಲಿಗೂ ಬಂದಿದ್ದರು. ಫ್ಲ್ಯಾಟ್ ಬುಷ್‌ನಿಂದ ಕಡಲು ದೂರ ಎಂಬ ಸಣ್ಣ ತೊಡಕೊಂದಿತ್ತು. ಆಗ ಹತ್ತಿರ ಇದ್ದಿರಬಹುದು ಎಂದು ವಚನಾ ಕಡಲನ್ನೇ ಈಚೆಗೆ ಸರಿಸಿದಳು.

ಅಷ್ಟರಲ್ಲಿ ಹಬ್ಬದೂಟ ಮಾಡಿದ ಆನೆಯ ಹಾಗೆ ಹೊಟ್ಟೆ ತಿರುಗಿಸುತ್ತ ಲಾರಿ ಬಂತು. ನೆಲ ಅಗೆಯುವಾಗ ಹಳೇ ಕಾಲದ್ದೇನಾದರೂ ಸಿಕ್ಕರೆ ಕೆಲಸ ನಿಲ್ಲಿಸಿ ತಿಳಿಸಬೇಕೆಂಬ ಕಾನೂನನ್ನು ಮಾವನೇ ಒಮ್ಮೆ ಹೇಳಿದ್ದ. ಮಾವ ಹೇಳಿದ್ದರಲ್ಲಿ ಅವಳಿಗೆ ನೆನಪಿದ್ದುದು ಅದೊಂದೇ. ಗೇಟಿಗೆ ಅಡ್ಡ ನಿಂತು ಎರಡೂ ಕೈ ಚಾಚಿದಳು. ಲಾರಿಯವನಿಗೆ ವೈಕಿಂಗರ ಮೇಲೆ ಹಗೆಯೇನೂ ಇರಲಿಲ್ಲ. ಕಾಂಕ್ರೀಟು ಗಟ್ಟಿಯಾಗುತ್ತದೆ, ಬೇಗ ಹೇಳಿ ಎಂದಷ್ಟೇ ಹೇಳಿ ಸಿಗರೇಟು ಹಚ್ಚಿದ. ವಚನಾ ಮಾವನಿಗೆ ಫೋನ್ ಮಾಡಿದಳು. ಮಾವನ ಫೋನು ಆಫ್ ಆಗಿತ್ತು.

ನಿಂತ ಲಾರಿಯನ್ನು ನೋಡಿ ಪಕ್ಕದ ಮನೆಯ ಹುಸೇನ್ ಅಂಕಲ್ ಬಂದರು. ಹುಬ್ಬಳ್ಳಿಯವರು, ಟೈಲ್ಸ್ ಕೂರಿಸುವ ಧಂದೆ. ನಾಣ್ಯವನ್ನು ತಮ್ಮದೊಂದು ಟೈಲಿನ ಮೇಲೆ ಕುಟ್ಟಿ ಕಿವಿಗೊಟ್ಟು ಕೇಳಿದರು.

“ಬೆಳ್ಳಿ ಖರೇನ ಐತಿ ಬೇಟಾ. ಖೊಟ್ಟಿ ಮಾಲು ಹಿಂಗ ಮಾತಾಡಂಗಿಲ್ಲ.”

ಎದುರು ಮನೆಯಿಂದ ವಿಶ್ವೇಶ್ವರ ಅಂಕಲ್ ಕೂಡ ಬಂದರು. ಮೈಸೂರಿನಲ್ಲಿ ರಿಟೈರ್ ಆಗಿ ಈಗ ಮಗನ ಮನೆಯಲ್ಲಿದ್ದರು. ಇಲ್ಲಿನ ನಾಣ್ಯ ಸಂಗ್ರಹಕಾರರ ಸಂಘದಲ್ಲಿ ಸದಸ್ಯರೂ ಆಗಿದ್ದರು. ಅವರು ಕನ್ನಡಕ ಹಣೆಗೇರಿಸಿ, ನಾಣ್ಯವನ್ನು ಮೂಗಿನ ತುದಿಗೆ ತಂದು, ಮಗುವಿನ ಹೋಮ್‌ವರ್ಕ್ ತಿದ್ದುವವರಂತೆ ನಕ್ಕರು.

“ಇದು ಅಂಗಡೀಲಿ ಮಾರೋ ಆಟದ ನಾಣ್ಯ ಕಣಮ್ಮ. ಸಾವಿರ ವರ್ಷ ಮಣ್ಣಲ್ಲಿದ್ರೆ ಹೀಗೆ ಹೊಳೆಯುತ್ತಾ?”

ಒಳ್ಳೆ ಬೆಳ್ಳಿ ಹೊಳೆಯದೆ ಇನ್ನೇನು ಮಾಡುತ್ತದೆ ಎಂದರು ಹುಸೇನ್ ಅಂಕಲ್. ವೈಕಿಂಗರು ಭೂಮಧ್ಯರೇಖೆ ದಾಟಿಯೇ ಇಲ್ಲ ಎಂದರು ವಿಶ್ವೇಶ್ವರ ಅಂಕಲ್. ನೀವು ನಾವು ದಾಟಲಿಲ್ಲವೇ, ಹಡಗಿದ್ದವರಿಗೆ ಏನು ಧಾಡಿ ಎಂದರು ಇವರು. ಮಾತು ಹಡಗಿನಿಂದ ದಿಕ್ಸೂಚಿಗೆ, ದಿಕ್ಸೂಚಿಯಿಂದ ಯಾವ ಊರಿನವರಿಗೆ ಬುದ್ಧಿ ಹೆಚ್ಚು ಎಂಬಲ್ಲಿಗೆ ಹೋಯಿತು. ಹುಸೇನರ ಹೆಂಡತಿ ಜಮೀಲಾ ಆಂಟಿ ಚಹಾ ತಂದುಕೊಟ್ಟು, ಇವರಿಗೆ ನಿನ್ನೆ ಇಟ್ಟ ಕಾರಿನ ಕೀಲಿಯೇ ಸಿಗುವುದಿಲ್ಲ, ಸಾವಿರ ವರ್ಷದ ಮಾತು ಕೇಳಿರಿ ಎಂದು ಹೋದರು. ವಚನಾ ಮಾತ್ರ ಮಾತಾಡಿದವರ ಕಡೆಗೆಲ್ಲ ತಲೆಯಾಡಿಸುತ್ತಿದ್ದಳು. ಖರೆ ಎಂದಾಗ ಪೇಪರಿನಲ್ಲಿ ತನ್ನ ಫೋಟೋ ಕಾಣುತ್ತಿತ್ತು, ಖೊಟ್ಟಿ ಎಂದಾಗ ಮಾವನ ಮುಖ.

ಕೊನೆಗೆ ವಿಶ್ವೇಶ್ವರ ಅಂಕಲ್ ಸವಾಲು ಹಾಕಿದವರಂತೆ ತಮ್ಮ ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿದರು. ಇಲ್ಲಿನವರೇ ಆದ ಆ ಬಿಳಿ ಮುದುಕರು ಈಗಲೇ ಹೊರಟೆ ಎಂದರು. ಲಾರಿಯವನೂ ಈಗಲೇ ಹೊರಟೆ ಎಂದ. ಒಳಗೆ ಬಿಡುತ್ತೀರೋ ಇಲ್ಲವೋ ಎಂದು ಇನ್ನೊಮ್ಮೆ ಕೇಳಿದ. ವಚನಾ ಲಾರಿಯ ಹೊಟ್ಟೆ ನೋಡಿದಳು, ಅಂಗೈಯ ನಾಣ್ಯ ನೋಡಿದಳು. ಸೋಫಾ ನೆನಪಾಗಿ ಒಂದು ಕ್ಷಣ ಕಾಲು ಗೇಟಿನತ್ತ ಸರಿಯಿತು ಕೂಡ. ಆದರೆ ಇತಿಹಾಸಕ್ಕಾಗಿ ಒಬ್ಬಳು ಸೋಫಾದ ಮೇಲೆ ಮಲಗಿದ್ದಳು ಎಂಬ ಸಾಲು ಎಷ್ಟು ಚಂದ. ಇಲ್ಲ ಎಂದಳು. ಲಾರಿ ಹೊಟ್ಟೆ ತಿರುಗಿಸುತ್ತ ಹೋಗಿ ಮುಂದಿನ ಬೀದಿಯಲ್ಲಿ ಯಾರದೋ ಡ್ರೈವ್‌ವೇ ಮೇಲೆ ಸುರಿದುಕೊಂಡಿತು.

ಅಧ್ಯಕ್ಷರು ಭೂತಗನ್ನಡಿ ಹಿಡಿದೇ ಕಾರಿನಿಂದಿಳಿದರು. ನಾಣ್ಯವನ್ನು ತೂಗಿದರು, ತಿರುಗಿಸಿದರು, ಉಸಿರು ಬಿಡುವುದನ್ನೂ ಮರೆತು ನೋಡಿದರು. ಅನುಮಾನವೇ ಇಲ್ಲ, ಅಪ್ಪಟ ನಾರ್ಸ್ ನಾಣ್ಯ, ಒಂಬೈನೂರು ವರ್ಷಕ್ಕೆ ಕಡಿಮೆಯಿಲ್ಲ ಎಂದರು.

ಹುಸೇನ್ ಅಂಕಲ್ ಪೈಲ್ವಾನನಂತೆ ತೋಳೇರಿಸಿದರು. ವಿಶ್ವೇಶ್ವರ ಅಂಕಲ್ ಬೆಂಡೆಕಾಯಿಯಂತೆ ಬಾಡಿದರು. ವಚನಾಗಂತೂ ತನ್ನ ಮೂರನೇ ಬೆಡ್‌ರೂಮು ಮ್ಯೂಸಿಯಮ್ ಆಗಿ, ಬಾಗಿಲಲ್ಲಿ ತಾನೇ ಕೂತು ಟಿಕೆಟ್ ಹರಿಯುತ್ತಿರುವುದು ಕಂಡಿತು. ಹಾಗಾದರೆ ಮಲಗುವುದೆಲ್ಲಿ ಎಂಬ ಪ್ರಶ್ನೆ ಎದ್ದಿತಾದರೂ ಅದನ್ನು ಆಮೇಲೆ ನೋಡಿಕೊಳ್ಳಬಹುದು ಎಂದುಕೊಂಡಳು.

ಅದೇ ಹೊತ್ತಿಗೆ ಡ್ಯೂಟಿ ಮುಗಿಸಿದ ಮಹಾಂತಪ್ಪನೂ ರೊಟ್ಟಿಬುತ್ತಿ ಹಿಡಿದ ಚಂದ್ರವ್ವನೂ ಬಂದಿಳಿದರು. ಮಾವ ಖಾಲಿ ಬಾಯ್ದೆರೆದಿದ್ದ ಪಾಯವನ್ನು ನೋಡಿ, “ಲಾರಿ ಎಲ್ಲೈತಿ?” ಎಂದ. ವಚನಾ ಉತ್ತರದ ಬದಲು ಅಧ್ಯಕ್ಷರ ಅಂಗೈ ತೋರಿಸಿದಳು. ಅತ್ತೆ ಬುತ್ತಿಯನ್ನು ನೆಲಕ್ಕಿಟ್ಟಳು.

“ಅದನ್ಯಾಕ ತಗದಿ?” ಎಂದಳು, ಬಹಳ ಮೆಲ್ಲಗೆ.

ಯಾರಿಗೂ ತಿಳಿಯಲಿಲ್ಲ. ಚಂದ್ರವ್ವನೇ ಬಿಡಿಸಿ ಹೇಳಿದಳು. ಪಾಯದಲ್ಲಿ ಬೆಳ್ಳಿಯ ನಾಣ್ಯ ಇಡುವುದು ತಮ್ಮ ಕಡೆಯ ರೂಢಿ. ಏವನ್‌ಡೇಲ್‌ನ ಭಾನುವಾರದ ಸಂತೆಯಲ್ಲಿ ಹಳೇ ಗುಂಡಿ, ಹಳೇ ಕೀಲಿಗಳ ಡಬ್ಬಿಯೊಂದರಲ್ಲಿ ಇದು ಸಿಕ್ಕಿತು. ಬೆಳ್ಳಿ ಹೌದೋ ಅಲ್ಲವೋ ಎಂದು ಮಾತ್ರ ನೋಡಿದಳು, ಯಾವ ರಾಜ ಎಂದು ಕೇಳಲಿಲ್ಲ. ನಿನ್ನೆ ಸಂಜೆ ಅರಿಶಿನ ಕುಂಕುಮ ಹಚ್ಚಿ, ಪೂಜೆ ಮಾಡಿ, ತನ್ನ ಕೈಯಾರೆ ಇಟ್ಟು ಹೋಗಿದ್ದಳು. ರಾತ್ರಿಯ ಮಳೆಗೆ ಅರಿಶಿನವೆಲ್ಲ ತೊಳೆದು ಹೋಗಿರಬೇಕು.

ಮೊದಲು ಚೇತರಿಸಿಕೊಂಡವರು ವಿಶ್ವೇಶ್ವರ ಅಂಕಲ್. ವೈಕಿಂಗರು ಬಂದಿಲ್ಲ ಎಂದು ತಾವು ಆಗಲೇ ಹೇಳಿರಲಿಲ್ಲವೇ ಎಂದರು. ನಾಣ್ಯ ಖರೆ ಎಂದು ತಾವೂ ಹೇಳಿದ್ದುಂಟಲ್ಲ ಎಂದರು ಹುಸೇನ್ ಅಂಕಲ್. ಇಬ್ಬರೂ ಗೆದ್ದದ್ದರಿಂದ ಒಬ್ಬರ ಕೈ ಒಬ್ಬರು ಕುಲುಕಿ, ಒಟ್ಟಿಗೇ ವಚನಾಳತ್ತ ನೋಡಿ ನಿಟ್ಟುಸಿರಿಟ್ಟರು. ಅಧ್ಯಕ್ಷರು ಇಂಥ ನಾಣ್ಯವನ್ನು ಸಿಮೆಂಟಿನಲ್ಲಿ ಹೂಳಬೇಡಿ ಎಂದು ಕೈಮುಗಿಯುವುದೊಂದು ಬಾಕಿ. ಇಷ್ಟು ವರ್ಷ ನೆಲದಾಗ ಇದ್ದದ್ದೇ ಹೌದಲ್ಲ, ಆಗೇನೂ ದೂರು ಹೇಳಲಿಲ್ಲವಲ್ಲ ಎಂದಳು ಚಂದ್ರವ್ವ.

ಮಹಾಂತಪ್ಪ ಬೈಯಲಿಲ್ಲ. ಇನ್ನು ಈಸ್ಟರ್ ಮುಗಿಯುವ ತನಕ ಸೋಫಾನೇ ಗತಿ ಎಂದಷ್ಟೇ ಹೇಳಿ ಹೆಂಡತಿಯ ಕಡೆ ತಿರುಗಿದ.

“ಎಲ್ಲಾರೂ ಈಶಾನ್ಯ ಮೂಲ್ಯಾಗ ಇಡ್ತಾರ. ನೀ ಇಕಿ ಖೋಲಿ ಪಾಯದಾಗ ಯಾಕ ಇಟ್ಟಿ?”

“ಇಕಿ ಸಲುವಾಗೇ ಇಟ್ಟೇನ್ರಿ,” ಎಂದಳು ಚಂದ್ರವ್ವ. “ಭೂಮಿತಾಯಿ, ಈ ಹುಡುಗಿ ಮನಸು ಒಂದ ಕಡೆ ನೆಲಿ ನಿಲ್ಲಲಿ, ಯಾರರ ಏನರ ಹೇಳಿದ್ರ ಕಿವಿಗೆ ಬೀಳಲಿ ಅಂತ ಬೇಡಿಕೊಂಡಿದ್ದೆ.”

ಎಲ್ಲರೂ ವಚನಾಳನ್ನು ನೋಡಿದರು. ವಚನಾ ಅಧ್ಯಕ್ಷರ ಅಂಗೈಯನ್ನೇ ನೋಡುತ್ತಿದ್ದಳು. ಯಾವ ನಾವಿಕನ ಸೊಂಟದ ಚೀಲದಿಂದ ಜಾರಿತೋ, ಎಷ್ಟು ಕಡಲು ದಾಟಿ, ಎಷ್ಟು ಕೈ ಬದಲಾಗಿ ಆ ಸಂತೆಯ ಗುಂಡಿ ಡಬ್ಬಿಗೆ ಬಂದು ಬಿತ್ತೋ. ದೂರದಲ್ಲಿ ಒಂದು ಹಾಯಿ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು.

“ನಾ ಹೇಳಿದ್ದು ಕೇಳಿಸ್ತೇನವಾ?” ಎಂದಳು ಚಂದ್ರವ್ವ.

“ಹಾಂ?” ಎಂದಳು ವಚನಾ. “ಏನಂದ್ರಿ ಅತ್ತಿ?”