ಕೇಳದಿದ್ದರೂ ಔಟಾಗುವ ಭಾವ

ನಮ್ಮ ಅಕ್ಕನ ಗಂಡ ಇಂಗ್ಲೆಂಡಿನಲ್ಲಿ ಕೌಂಟಿ ಕ್ರಿಕೆಟ್ ಆಡಿದವರು ಎಂದರೆ ನೀವು ನಂಬುವುದಿಲ್ಲ. ನಂಬಲೂಬೇಡಿ! ಆಡಿದ್ದಕ್ಕಿಂತ ಆಡುವವರಿಗೆ ನೀರು ಹೊತ್ತದ್ದೇ ಹೆಚ್ಚು. ಕೌಂಟಿಯೂ ಅಷ್ಟೇ, ಇಂಗ್ಲಿಷರೇ ನಕ್ಷೆ ಬಿಡಿಸಿ ಹುಡುಕಬೇಕಾದಂಥದ್ದು. ಒಮ್ಮೆ ಹೇಗೋ ಬ್ಯಾಟು ಕೈಗೆ ಸಿಕ್ಕಿ, ನಲವತ್ತೊಂಬತ್ತು ರನ್ನಿಗೆ ಬಂದಾಗ ಚೆಂಡು ಬ್ಯಾಟಿನ ಅಂಚು ಸವರಿ ಕೀಪರ್ ಕೈ ಸೇರಿತು. ಅಂಪೈರ್ ಔಟಲ್ಲ ಎಂದರೂ ಈ ಮಹಾನುಭಾವರು ತಾವಾಗಿಯೇ ಬ್ಯಾಟು ಕಂಕುಳಿಗಿಟ್ಟು ಹೊರಟುಬಿಟ್ಟರು! ಮುಂದಿನ ಪಂದ್ಯದಿಂದ ಮತ್ತೆ ನೀರು.

ಅದೇ ಇಂಗ್ಲೆಂಡಿನ ಹ್ಯಾರೋದಲ್ಲಿ ಬರಿಗೈಯಿಂದ ದಿನಸಿ ಅಂಗಡಿ ಕಟ್ಟಿದ ನನಗೆ ಇದು ಅರ್ಥವಾಗುವ ಮಾತೇ? ನನ್ನ ಸಲಹೆ ಕೇಳಿ: ಎದುರಿನವನು ಸುಮ್ಮನಿರುವಾಗ ನೀವೂ ಬಾಯಿ ಬಿಡಬೇಡಿ.

ಭಾವನಿಗೆ ಹೇಳಿ ನೋಡಿ! ಒಮ್ಮೆ ಈಲಿಂಗ್ ರೋಡಿನಲ್ಲಿ ಪಾರ್ಕಿಂಗ್ ಸಮಯ ಮೀರಿತ್ತು. ದಂಡ ಹಾಕುವ ವಾರ್ಡನ್ ಸುಳಿವೇ ಇಲ್ಲ. ಭಾವ ಗೋಡೆಯ ಮೇಲೆ ಕೂತು ಅವನಿಗಾಗಿ ಕಾಯುತ್ತಿದ್ದಾರೆ!

"ಕಾರು ಹತ್ತಿ ಭಾವ, ಯಾರೂ ಕೇಳಿಲ್ವಲ್ಲ!"

"ಔಟಾಗಿದೀನಿ ಅಂತ ನನಗೆ ಗೊತ್ತಲ್ಲ ಕಣೋ."

ಕೊನೆಗೂ ಬಂದ ವಾರ್ಡನ್, ದಂಡದ ಟಿಕೆಟ್ ಕೊಡಿ ಎಂದು ನಗುತ್ತ ಕೈಚಾಚಿದ ಈ ಪ್ರಾಣಿಯನ್ನು ಕಂಡು, ಹೆದರಿ ಎದುರು ಬದಿಗೆ ದಾಟಿಕೊಂಡ.

ಇನ್ನು ಅವರ ಬಲಮಂಡಿ. ನನ್ನ ಅಂಗಡಿಯಲ್ಲಿ ಕೆಳಗಿನ ಸಾಲಿನ ಹುರಿಗಡಲೆಗೆ ಬಗ್ಗಿದರೆ 'ಟಕ್' ಎನ್ನುತ್ತದೆ. ಗಿರಾಕಿಗಳೆಲ್ಲ ತಿರುಗಿ ನೋಡುತ್ತಾರೆ. ಭಾವ ಮಾತ್ರ, "ಏನೋ ಬಿತ್ತು ನೋಡೋ" ಎನ್ನುತ್ತಾರೆ!

ಕಳೆದ ಬೇಸಿಗೆಯಲ್ಲಿ ಆ ಮಂಡಿಗೆ ಆಪರೇಷನ್ ನಿಗದಿಯಾಯಿತು. ಆಮೇಲೆ ಆಟ ಮುಗಿದಂತೆ. "ಜೀವನದಲ್ಲಿ ಒಂದೇ ಒಂದು ಐವತ್ತು ಹೊಡೀಬೇಕು ಕಣೋ," ಎಂದು ಭಾವ ನಮ್ಮ ಕ್ಲಬ್ಬಿನ ಮೂರನೇ ತಂಡದಲ್ಲಿ ಕೊನೆಯ ಪಂದ್ಯಕ್ಕಿಳಿದರು. ಇಷ್ಟು ಸಣ್ಣ ಪಂದ್ಯಕ್ಕೆ ಅಂಪೈರನ್ನು ಯಾರು ಕಳಿಸುತ್ತಾರೆ? ಬ್ಯಾಟ್ ಮಾಡುವವರ ಕಡೆಯವರೇ ನಿಲ್ಲುವುದು ರೂಢಿ. ಅಂಪೈರಿನ ಬಿಳಿ ಕೋಟು ನನ್ನ ಹೆಗಲೇರಿತು. ಇದಕ್ಕಿಂತ ಒಳ್ಳೆಯ ಮುಹೂರ್ತವುಂಟೇ! ಭಾವನ ಕಾಲಿಗೆ ಚೆಂಡು ಬಡಿದು ಎದುರಾಳಿಗಳು ಔಟ್ ಕೇಳಿದಾಗಲೆಲ್ಲ ನಾನು ಮೋಡ ನೋಡಿದೆ.

ನಲವತ್ತೊಂಬತ್ತು! ಮುಂದಿನ ಚೆಂಡಿಗೆ ಭಾವ ಮಂಡಿ ಬಗ್ಗಿಸಿ ಬ್ಯಾಟು ಚಾಚಿದರು. 'ಟಕ್!' ಚೆಂಡು ಬ್ಯಾಟಿನಿಂದ ಗೇಣು ದೂರದಲ್ಲಿ ಸಾಗಿ ಕೀಪರ್ ಕೈ ಸೇರಿತು. ಯಾರೂ ಔಟ್ ಕೇಳಲಿಲ್ಲ. ಭಾವ ಮಾತ್ರ ಬ್ಯಾಟು ಕಂಕುಳಿಗಿಟ್ಟು ಹೊರಟೇಬಿಟ್ಟರು! ಅದನ್ನು ಕಂಡ ಮೇಲೆ ಎದುರಾಳಿಗಳೂ ಕುಣಿದರು. ತಾನಾಗಿ ಬಂದ ಲಕ್ಷ್ಮಿಯನ್ನು ಯಾರು ಒದೆಯುತ್ತಾರೆ?

ನಾನು ಕೋಟು ಎತ್ತಿಕೊಂಡು ಹಿಂದೆಯೇ ಓಡಿದೆ. "ನಿಲ್ಲಿ ಭಾವ! ಅದು ಬ್ಯಾಟಲ್ಲ, ನಿಮ್ಮ ಮಂಡಿ!"

"ನಿನ್ನ ಮಾತು ನಂಬ್ಲಾ? ಕೊಳೆತ ಟೊಮೇಟೊನ 'ಸಾರಿಗೆ ಇದೇ ರುಚಿ' ಅಂತ ಮಾರೋನು ನೀನು!"

ಅಪರೂಪಕ್ಕೆ ಆಡಿದ ಅಪ್ಪಟ ನಿಜ, ಅದಕ್ಕೇ ಗಿರಾಕಿಯಿಲ್ಲ!

ಆಪರೇಷನ್ನಿನ ಬೆಳಿಗ್ಗೆ ಭಾವ ಆಸ್ಪತ್ರೆಯ ಕುರ್ಚಿಯಿಂದ ಎದ್ದರು. 'ಟಕ್.' ಸುತ್ತ ನೋಡಿದರು, ಏನೂ ಬಿದ್ದಿರಲಿಲ್ಲ. ಮಂಡಿಯನ್ನು ನೋಡಿದರು, ಆಮೇಲೆ ನನ್ನನ್ನು.

"ಅವತ್ತೂ... ಇದೇನಾ?"

ಗೆದ್ದೆ ಎಂದುಕೊಂಡೆ. ಆದರೆ ಅವರ ಮುಖ ಬಾಡಿತ್ತು. ಈ ಮಂಡಿಗೆ ಇನ್ನೊಂದು ಪಂದ್ಯವಿರಲಿಲ್ಲ.

"ಇಲ್ಲ ಭಾವ, ಬ್ಯಾಟೇ," ಎಂದು ತೋರುಬೆರಳು ಮೇಲೆತ್ತಿದೆ. "ಔಟು."

ಭಾವ ಹಗುರಾಗಿ ನಕ್ಕು, ನರ್ಸ್ ಹಿಂದೆ ಕುಂಟುತ್ತ ಹೊರಟರು. ಅಂಪೈರ್ ಬೆರಳೆತ್ತಿದ ಮೇಲೆ ಅವರು ಹೊರಟದ್ದು ನಾನು ಕಂಡಂತೆ ಅದೇ ಮೊದಲು.