ಖಂಡೇಪೂಜೆಯ ಬಂದೂಕು

ಕೆಂಚವ್ವ: ಸರಕಾರದ್ದು ನನ್ನ ಕಡೆ ಒಂದು ದುಡ್ಡೂ ಬಾಕಿ ಇಲ್ಲ, ಶ್ರೀಪಾಲ ಅಣ್ಣಾರ. ಹೊಲದ ಸಾರಾ ತುಂಬೇನಿ, ನೀರಿನ ಪಟ್ಟಿ ತುಂಬೇನಿ. ನಂದ ಸರಕಾರದ ಕಡೆ ಒಂದು ಬಂದೂಕ ಬಾಕಿ ಐತಿ. ಆರು ವರ್ಷ ಆತು. ಇವತ್ತ ಕೊಡ್ತೀರೋ ಇಲ್ಲೋ, ಒಂದ ಮಾತ ಹೇಳ್ರಿ.

ಶ್ರೀಪಾಲ: ಬಾಕಿ ಅನಬ್ಯಾಡ್ರಿ ಅವ್ವಾ. ನಿಮ್ಮ ಹೆಸರಿಗೆ ವರ್ಗಾವಣಿ ಚಾಲೂ ಐತಿ.

ಕೆಂಚವ್ವ: ಆರು ವರ್ಷ ಒಂದ ಸವನ ಚಾಲೂ ಇದ್ರ ಹಿಟ್ಟಿನ ಗಿರಣೀ ಪಟ್ಟಾನೂ ಹರೀತಿತ್ತು. ನಿಮ್ಮ ಪಟ್ಟಾ ಹರದಿಲ್ಲ, ಒಂದು ಮುಟಗಿ ಹಿಟ್ಟೂ ಬಿದ್ದಿಲ್ಲ.

ಯಾವ ಊರಿನ ಕಚೇರಿ ಎಂದು ಕೇಳಬೇಡಿ. ನಿಪ್ಪಾಣಿಯವರು ಅದು ಚಿಕ್ಕೋಡಿಯದೆನ್ನುತ್ತಾರೆ, ಚಿಕ್ಕೋಡಿಯವರು ರಾಯಬಾಗದ್ದೆನ್ನುತ್ತಾರೆ, ರಾಯಬಾಗದವರು ಅಥಣಿಯ ಕಡೆ ಬೆರಳು ತೋರಿಸುತ್ತಾರೆ. ಎಂಬತ್ತೆಂಟನೆಯ ಇಸವಿ, ಹೊತ್ತು ಇಳಿಮುಖವಾಗಿತ್ತು. ಬೇಡಕಿಹಾಳದ ಕೆಂಚವ್ವ ಮುಂಜಾನೆಯ ಬಸ್ಸಿಗೆ ಬಂದವಳು, ಬಂದೂಕಿನ ಪರವಾನಿಗೆ ನೋಡುವ ಗುಮಾಸ್ತ ಶ್ರೀಪಾಲನ ಮೇಜಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಕುರ್ಚಿ ಕೊಟ್ಟಿದ್ದರೂ ಬೇಡವೆಂದಿದ್ದಳು. ಕುರ್ಚಿಯ ಮೇಲೆ ಕುಳಿತವರಿಗೆಲ್ಲ ನಿದ್ದೆ ಹತ್ತುತ್ತದೆಂಬುದನ್ನು ಆರು ವರ್ಷ ಕಣ್ಣಾರೆ ಕಂಡಿದ್ದಳು.

ಅವಳ ಗಂಡ ಮುರಗೆಪ್ಪ ತೀರಿಕೊಂಡ ಹದಿಮೂರನೇ ದಿನಕ್ಕೆ ಪೊಲೀಸರು ಬಂದು, ಗೂಟಕ್ಕೆ ತೂಗುಹಾಕಿದ್ದ ಅವನ ಒಂದು ನಳಿಗೆಯ ಬಂದೂಕನ್ನು ಇಳಿಸಿಕೊಂಡು ಸ್ಟೇಶನ್ನಿನ ಸಾಮಾನು ಕೋಣೆಗೆ ಒಯ್ದಿದ್ದರು. ಪರವಾನಿಗೆ ನಿನ್ನ ಹೆಸರಿಗೆ ಆದ ದಿನ ಬಂದು ಒಯ್ಯಿ ಎಂದಿದ್ದರು. ಆ ದಿನ ಇನ್ನೂ ಬಂದಿರಲಿಲ್ಲ. ಅದರ ಬದಲು ಬೇರೊಂದು ದಿನ ಬರುತ್ತಿತ್ತು: ದಿಕ್ಕಿಲ್ಲದ ಬಂದೂಕುಗಳನ್ನೆಲ್ಲ ತುಂಬಿಕೊಂಡು ನಾಳೆ ಮುಂಜಾನೆ ಒಂದು ಗಾಡಿ ಬೆಳಗಾವಿಗೆ ಹೋಗುವುದಿತ್ತು. ಅಲ್ಲಿ ಅವನ್ನು ಕರಗಿಸುತ್ತಾರಂತೆ. ಶ್ರೀಪಾಲನ ವರದಿಗೆ ಇವತ್ತು ಸಹಿ ಬಿದ್ದರೆ ಬಂದೂಕು ಉಳಿಯುತ್ತದೆ, ಇಲ್ಲವಾದರೆ ಕುಲುಮೆಯ ಪಾಲು.

ಶ್ರೀಪಾಲ: ಬಂದೂಕಿನ ನಂಬರ ತಾಳೆ ಆಗಬೇಕ್ರಿ. ತಂದು ತೋರಸ್ರಿ ಅಂತ ಎಷ್ಟ ಸಲ ಹೇಳೇನಿ?

ಕೆಂಚವ್ವ: ಸ್ಟೇಶನ್ನಿಗೆ ಹೋದ್ರ, ಲೈಸೆನ್ ತೋರಸು, ಬಂದೂಕ ಒಯ್ಯಿ ಅಂತಾರ. ಇಲ್ಲಿಗೆ ಬಂದ್ರ, ಬಂದೂಕ ತೋರಸ್ರಿ, ಲೈಸೆನ್ ಒಯ್ರಿ ಅಂತೀರಿ. ಗಾಣದ ಎತ್ತ ತಿರಗಿದಂಗ ತಿರಗಾಕತ್ತೀನಿ. ಗಾಣದ ಎತ್ತಿಗಾದ್ರ ಹಿಂಡಿನಾರ ಹಾಕ್ತಾರ.

ಶ್ರೀಪಾಲ: ಅಲ್ಲವ್ವಾ, ನೀವು ಹೆಣ್ಣಮಗಳು. ಅರವತ್ತು ದಾಟ್ಯಾವ. ಬಂದೂಕ ತಗೊಂಡು ಏನ್ ಮಾಡವ್ರು?

ಕೆಂಚವ್ವ: ಹಂದೀನ ಕೇಳ್ರಿ ಅದನ್ನ. ಗೊಂಜಾಳ ತೆನೀಗೆ ಹಾಲ ತುಂಬೂದ ತಡ, ಬೀಗರ ಬಂದಂಗ ಬರತಾವ.

ಶ್ರೀಪಾಲ: ಪಟಾಕಿ ಹಾರಸ್ರಿ.

ಕೆಂಚವ್ವ: ಹಾರಸೀನ್ರಿ. ದೀಪಾವಳಿ ಅಂತ ತಿಳಕೊಂಡು ಮರೀ ಮಕ್ಕಳನ್ನೂ ಕರಕೊಂಡು ಬಂದ್ವು. ಅವ್ರು ಇದ್ದಾಗ ಬಂದೂಕಿಲೆ ಒಂದ ಸಲ ಆಕಾಶಕ್ಕ ಹೊಡದ್ರ ಎಂಟ ದಿನ ಒಂದೂ ಸುಳೀತಿದ್ದಿಲ್ಲ. ಹಂಗಂತ ಒಂದ ಹಂದೀನೂ ಹೊಡದವರಲ್ಲ ಬಿಡ್ರಿ. ಆಕಾಶಕ್ಕ ಎಷ್ಟ ತೂತ ಬಿದ್ದಾವೋ ಗೊತ್ತಿಲ್ಲ.

ಶ್ರೀಪಾಲ: ಕಣ್ಣ ಕಾಣತಾವ ಅನ್ನೂ ಡಾಕ್ಟರ ಸರ್ಟಿಫಿಕೀಟ ಹಳೇದಾಗೈತಿ. ಹೊಸಾದ ಬೇಕು.

ಕೆಂಚವ್ವ: ನಿಮ್ಮ ಅಂಗಿ ಎರಡನೇ ಗುಂಡಿ ಕರೀ ದಾರದಾಗ ಹಚ್ಚೇತಿ, ಉಳಿದಾವೆಲ್ಲ ಬಿಳೇ ದಾರ. ಚಂದ್ರಮತಿಬಾಯಾರು ತವರಮನಿಗೆ ಹೋಗ್ಯಾರೇನು?

ಶ್ರೀಪಾಲ ತಟ್ಟನೆ ಎದೆಯ ಮೇಲೆ ಕೈಯಿಟ್ಟುಕೊಂಡ. ಹೆಂಡತಿ ಹೋಗಿ ಎಂಟು ದಿನವಾಗಿತ್ತು. ಸರ್ಟಿಫಿಕೇಟಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಶ್ರೀಪಾಲ: ನೋಡ್ರಿ ಅವ್ವಾ, ನಾ ಜೈನ. ನಡಿಯೂ ಮುಂದ ಇರವಿ ಕಂಡ್ರ ದಾಟಿ ನಡೀತೀನಿ. ಅಂಥವನಿಗೆ ಈ ಬಂದೂಕಿನ ಟೇಬಲ್ ಕೊಟ್ಟಾರ. ಯಾವ ಕಾಲದ ಕರ್ಮನೋ.

ಕೆಂಚವ್ವ: ಸರಿಯಾದವರಿಗೇ ಕೊಟ್ಟಾರ ಬಿಡ್ರಿ. ಇರವಿ ಅಷ್ಟ ಅಲ್ಲ, ಈ ಟೇಬಲ್ ಮ್ಯಾಲಿನ ಅರ್ಜಿಗೂ ಎಳ್ಳಷ್ಟು ನೋವ ಮಾಡಿಲ್ಲ ನೀವು. ಇಟ್ಟದ್ದು ಇಟ್ಟಲ್ಲೇ ಮಲಗ್ಯಾವ. ಖರೇ ಅಹಿಂಸಾ.

ಬಾಗಿಲಲ್ಲಿ ನಿಂತಿದ್ದ ಸಿಪಾಯಿ ಸತ್ತೆಪ್ಪ ಮುಸಿಮುಸಿ ನಕ್ಕ. ಶ್ರೀಪಾಲನಿಗೂ ನಗು ಬಂತು, ಆದರೆ ಕಾಯಿದೆಯಲ್ಲಿ ಅದಕ್ಕೆ ಜಾಗವಿರಲಿಲ್ಲವೆಂದು ಕೆಮ್ಮಿದ.

ಶ್ರೀಪಾಲ: ಬಂದೂಕಂದ್ರ ಸಣ್ಣ ಮಾತಲ್ಲವ್ವಾ. ಎಲ್ಲಾ ಕಾಗದಾ ಬರೋಬರಿ ಇರಬೇಕು.

ಕೆಂಚವ್ವ: ಹೌದೇನ್ರಿ? ತಂಬಾಕದ ರೇಟಿಗಂತ ರೈತರು ನಿಪ್ಪಾಣಿ ರಸ್ತೇದ ಮ್ಯಾಲ ಕುಂತಾಗ ನಾನೂ ಇದ್ನಿ. ದಿನಾ ಇನ್ನೂರು ರೊಟ್ಟಿ ಬಡೀತಿದ್ನಿ. ಅವತ್ತ ಸರಕಾರದ ಬಂದೂಕ ಹಾರಿದ್ವಲ್ಲ, ಅವಕ್ಕ ಎಷ್ಟ ಫಾರಂ ತುಂಬಿದ್ರು? ಯಾರ ಕಣ್ಣಿನ ಸರ್ಟಿಫಿಕೀಟ ನೋಡಿದ್ರು?

ಆ ಪ್ರಶ್ನೆಗೆ ಉತ್ತರ ಬರೆಯುವ ಕಾಲಂ ಯಾವ ಫಾರಮ್ಮಿನಲ್ಲೂ ಇರಲಿಲ್ಲ, ಇವತ್ತಿಗೂ ಇಲ್ಲ.

ಶ್ರೀಪಾಲ: ಅದು ಇರಲಿ... ಹೊತ್ತ ಮುಳುಗೂದರಾಗ ಊಟಾ ಮಾಡಬೇಕು ನಾನು. ಬಂದೂಕ ಇಲ್ಲದ ನಾ ಏನ್ ಸಹಿ ಮಾಡ್ಲಿ?

ಕೆಂಚವ್ವ: ಬರತೈತಿ ತಡೀರಿ. ಸ್ಟೇಶನ್ನಿನ ಗುರಪ್ಪಗ ಹೇಳಿ ಬಂದೇನಿ. ಇವತ್ತ ತರಲಿಲ್ಲಂದ್ರ ಈ ವರ್ಷದಿಂದ ಹೋಳಗಿ ಬಂದ್ ಅಂತ.

ಶ್ರೀಪಾಲ: ಎಂಥಾ ಹೋಳಗಿ?

ಕೆಂಚವ್ವ: ದಸರಾದಾಗಿನ ಖಂಡೇಪೂಜೀದು. ನಮ್ಮ ಮನ್ಯಾಗ ನೇಗಲಾ, ಕುಡಗೋಲಾ, ಬಂದೂಕಾ, ಎಲ್ಲಾ ಕೂಡೇ ಇಟ್ಟ ಪೂಜಿ ಮಾಡೂ ಪದ್ಧತಿ. ಬಂದೂಕ ಅಷ್ಟ ಬ್ಯಾರೆ ಕಡೆ ಕುಂತ್ರ ಬಿಡಾಕ ಬರತೈತೇನು? ವರ್ಷಾ ಸ್ಟೇಶನ್ನಿಗೆ ಹೋಗತೀನಿ. ಗುರಪ್ಪ ತಗದ ಕೊಡ್ತಾನ. ಎಣ್ಣಿ ಹಚ್ಚತೀನಿ, ಭಂಡಾರ ಕುಂಕುಮ ಏರಸ್ತೀನಿ, ಕಾಯಿ ಒಡದು ನೀರ ಹಾಕತೀನಿ. ಅವನಿಗೆ ನಾಕ ಹೋಳಗಿ, ಸಾಹೇಬರಿಗೆ ಎಂಟು.

ಅಷ್ಟರಲ್ಲಿ ಪೊಲೀಸ್ ಗುರಪ್ಪ ಬಂದೇಬಿಟ್ಟ. ಗೋಣಿತಟ್ಟಿನಲ್ಲಿ ಸುತ್ತಿದ ಉದ್ದನೆಯ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದ. ಒಳಗಿದ್ದುದು ಬಂದೂಕೋ ಗುಡಿಯ ಕಲ್ಲೋ ತಿಳಿಯುವಂತಿರಲಿಲ್ಲ. ಹಿಡಿಕೆಯಿಂದ ನಳಿಗೆಯ ತುದಿಯವರೆಗೆ ಅರಿಷಿಣ ಕುಂಕುಮ ಎಣ್ಣೆಯೊಡನೆ ಸೇರಿ ಬೆರಳುದಪ್ಪ ಹೆಪ್ಪುಗಟ್ಟಿತ್ತು. ಅಲ್ಲಲ್ಲಿ ಅಕ್ಕಿಕಾಳು ಬೇರೆ ಅಂಟಿಕೊಂಡಿದ್ದವು.

ಶ್ರೀಪಾಲ: ಇದರಾಗ ನಂಬರ ಎಲ್ಲಿ ಐತಿ?

ಗುರಪ್ಪ: ದೇವರ ಒಳಗ ಐತ್ರಿ.

ಶ್ರೀಪಾಲ: ಬರದ ಬಿಡ್ತೀನಿ. "ನಂಬರು ಓದಲು ಬರುವುದಿಲ್ಲ. ಮುಂದಿನ ಆದೇಶಕ್ಕಾಗಿ ಬೆಳಗಾವಿಗೆ ಕಳಿಸಿದೆ."

ಕೆಂಚವ್ವ: ನಿಂದರ್ರಿ! ನಾನ ಏರಿಸಿದ ಕುಂಕುಮ, ನಾನ ತಿಕ್ಕಿ ತಗೀತೀನಿ.

ಅವಳು ಬುತ್ತಿಯ ಗಂಟು ಬಿಚ್ಚಿ, ಚಟ್ನಿಗೆಂದು ತಂದಿದ್ದ ಹುಣಸೆಹಣ್ಣನ್ನು ಕೈಗೆ ತೆಗೆದುಕೊಂಡಳು.

ಶ್ರೀಪಾಲ: ಅವ್ವಾ! ಬಂದೂಕಿನ ನಂಬರ ತಿಕ್ಕೂದು ಗುನ್ನೆ. ಅದಕ್ಕ ಮೊದಲ ಪರವಾನಿಗಿ ಬೇಕು!

ಕೆಂಚವ್ವ: ಅದರದೂ ಒಂದು ಅರ್ಜಿ ಬರಕೋರಿ. ಅದು ಪಾಸ್ ಆಗೂದರಾಗ ನಾ ತಿಕ್ಕಿ ಮುಗಸ್ತೀನಿ. ಗುರಪ್ಪಾ, ನೀರ ಹಾಕಪಾ ಸ್ವಲ್ಪ.

ಗುರಪ್ಪ ಕಾಯಿದೆಯ ಮುಖ ನೋಡಿದ, ಹೋಳಿಗೆಯ ಮುಖ ನೋಡಿದ, ಚೊಂಬು ಎತ್ತಿದ. ಕೆಂಚವ್ವ ತಾಮ್ರದ ಹಂಡೆ ಬೆಳಗಿದ ಹಾಗೆ ಬೆಳಗಿದಳು. ಕಚೇರಿಯ ನೆಲದ ಮೇಲೆ ಕೆಂಪು ನೀರು ಹರಿದು, ಹೊರಗೆ ನಿಂತಿದ್ದ ಒಬ್ಬಿಬ್ಬರು ಗಾಬರಿಯಾಗಿ ಒಳಗೆ ಇಣುಕಿದರು. ಮೊದಲು ಎರಡು ಕಂಡಿತು, ಆಮೇಲೆ ಸೊನ್ನೆ, ಆಮೇಲೆ ಒಂಬತ್ತು, ಒಂದು.

ಗುರಪ್ಪ: ಎರಡು ಸಾವಿರದ ತೊಂಬತ್ತೊಂದು.

ಕೆಂಚವ್ವ: ಬರಕೋರಿ ಅಣ್ಣಾರ.

ಶ್ರೀಪಾಲ ಬರೆದುಕೊಳ್ಳಲಿಲ್ಲ. ಅವನ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಬಿತ್ತು.

ಶ್ರೀಪಾಲ: ನಿಮ್ಮ ಯಜಮಾನ್ರ ಲೈಸೆನ್ನಿನ್ಯಾಗ ಆರ್‌ನೂರಾ ಹದಿನೇಳು ಅಂತ ಐತ್ರಿ. ಇದು ನಿಮ್ಮ ಬಂದೂಕ ಅಲ್ಲ.

ಕೆಂಚವ್ವ: ಏನಂತೀರಿ! ಆರು ವರ್ಷ ಪೂಜಿ ಮಾಡೇನಿ!

ಶ್ರೀಪಾಲ: ನಿಮ್ಮ ಬಂದೂಕ ನಿಮಗ ಗುರ್ತ ಸಿಗಲಿಲ್ಲೇನು?

ಕೆಂಚವ್ವ: ಗುರ್ತ ಎಲ್ಲಿಂದ ಸಿಗಬೇಕ್ರಿ? ಹೆಣ್ಣಮಕ್ಕಳು ಮುಟ್ಟಬಾರದು ಅಂತ ಅವ್ರು ಗವಸಣಿಗಿ ಹಾಕಿ ಗೂಟಕ್ಕ ತೂಗ ಹಾಕತಿದ್ರು. ಮೂವತ್ತು ವರ್ಷ ನಾ ನೋಡಿದ್ದು ಗವಸಣಿಗಿ. ಗುರಪ್ಪಾ, ಯಾರ ಬಂದೂಕ ಇದು?

ಗುರಪ್ಪ: ಮೊದಲನೇ ವರ್ಷ ಕೈಗೆ ಯಾವದ ಸಿಕ್ತೋ ಅದನ್ನ ತಗದ ಕೊಟ್ಟೇನ್ರಿ ಅವ್ವಾ. ಕುಂಕುಮ ಹತ್ತಿದ ಮ್ಯಾಲ ಅದು ನಿಮ್ಮದ ಅಂತ ಬ್ಯಾರೆ ತಗದ ಇಡಾಕತ್ನಿ.

ಶ್ರೀಪಾಲ ಮೇಜಿನ ಕೆಳಗಿನ ಖಾನೆಯ ಬೀಗ ತೆಗೆದ. ಅದರ ತಳದಿಂದ, ಗೆದ್ದಲು ಅರ್ಧ ಓದಿದ್ದ ಒಂದು ಫೈಲು ಹೊರಬಂತು.

ಶ್ರೀಪಾಲ: ನಮ್ಮ ಅಪ್ಪಾರದು. ಏಕಸಂಬಿ ನೇಮಿನಾಥ ಪಾಟೀಲ. ಎರಡು ಸಾವಿರದ ತೊಂಬತ್ತೊಂದು. ಅವ್ರು ತೀರಿಕೊಂಡು ಹನ್ನೊಂದು ವರ್ಷ ಆತು, ಅವತ್ತಿಂದ ಬಂದೂಕ ಸ್ಟೇಶನ್ನಿನ್ಯಾಗ.

ಕೆಂಚವ್ವ: ಬಂದೂಕಿನ ಟೇಬಲ್ ನಿಮ್ಮದ. ನಿಮ್ಮ ಫೈಲ್ ಹನ್ನೊಂದು ವರ್ಷ?

ಶ್ರೀಪಾಲ: ನಂದ ನಾನ ಸಹಿ ಮಾಡಾಕ ಬರತೈತೋ ಇಲ್ಲೋ ಅಂತ ಬೆಳಗಾವಿಗೆ ಕೇಳಿ ಬರದಿದ್ನಿ. ಐದ ವರ್ಷಕ್ಕ ಉತ್ತರ ಬಂತು, ಬರತೈತಿ ಅಂತ. ಅಷ್ಟರಾಗ ಸ್ಟೇಶನ್ನಿನವ್ರು, ಸದರಿ ಬಂದೂಕು ಸಿಗುವುದಿಲ್ಲ ಅಂತ ಬರದು ಕೊಟ್ರು.

ಗುರಪ್ಪ: ಹೆಂಗ ಸಿಗಬೇಕ್ರಿ? ಇವರ ಪೂಜಿ ಒಳಗ ಕುಂತಿತ್ತು.

ಕೆಂಚವ್ವ: ಅಂದ್ರ ನಿಮ್ಮಪ್ಪನ ಬಂದೂಕಿಗೆ ಆರು ವರ್ಷ ನಾ ಕಾಯಿ ಒಡದೇನಿ. ಖರ್ಚಿನ ಮಾತ ಆಮ್ಯಾಲ ಆಡೂಣು. ಮೊದಲ ನಂದ ಎಲ್ಲೈತಿ ಹೇಳ್ರಿ.

ಗುರಪ್ಪ ತಲೆ ಕೆರೆದುಕೊಂಡ.

ಗುರಪ್ಪ: ಒಂದು ಬಂದೂಕ ಐತ್ರಿ... ಸಾಮಾನ ಕ್ವಾಣ್ಯಾಗಿನ ಕಿಟಕಿ ಬಾಗಲಾ ನಿಂದರವಲ್ದು ಅಂತ ಅದನ್ನ ಊರಗೋಲ ಮಾಡಿ ನಿಲ್ಲಿಸೇವಿ.

ಕೆಂಚವ್ವ: ನನ್ನ ಗಂಡನ ಬಂದೂಕ ನಿಮ್ಮ ಕಿಟಕಿಗೆ ಊರಗೋಲೇನೋ ಭಾಡ್ಯಾ! ಓಡು!

ಗುರಪ್ಪ ಓಡಿದ. ಸ್ಟೇಶನ್ನು ಗೋಡೆಯಾಚೆಗೇ ಇತ್ತು. ಸ್ವಲ್ಪ ಹೊತ್ತಿಗೆ ಕಿಟಕಿಯ ಬಾಗಿಲು ಧಡ್ಡನೆ ಬಿದ್ದ ಸದ್ದು ಇಲ್ಲಿಗೂ ಕೇಳಿತು. ತಂದ ಬಂದೂಕಿನ ಮೇಲೆ ಕುಂಕುಮವೂ ಇರಲಿಲ್ಲ, ಎಣ್ಣೆಯೂ ಇರಲಿಲ್ಲ. ಧೂಳು ಒರೆಸಿದರೆ ಆರು ಒಂದು ಏಳು, ನಿನ್ನೆ ಕೊರೆದಂತೆ.

ಕೆಂಚವ್ವ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಇಡೀ ಬಾಳಿನಲ್ಲಿ ಮೊದಲ ಸಲ ಗಂಡನ ಬಂದೂಕನ್ನು ಮುಟ್ಟಿದ್ದಳು. ಇಷ್ಟು ಹಗುರ ಇದ್ದದ್ದಕ್ಕೆ ಅಷ್ಟು ಬಿಗುಮಾನವೇ ಎಂದುಕೊಂಡಳು.

ಕೆಂಚವ್ವ: ಹಾಕ್ರಿ ಸಹಿ.

ಶ್ರೀಪಾಲ: ಹಾಕ್ತೀನ್ರಿ. ಅದರ ಮೊದಲ ನಂದೂ ಒಂದು ಕೆಲಸ... ಅಪ್ಪಾರ ಬಂದೂಕ ಇಷ್ಟ ವರ್ಷ ಎಲ್ಲಿತ್ತು, ಹೆಂಗ ತಪ್ಪಿತು ಅಂತ ಒಬ್ಬರು ಜಬಾನಿ ಕೊಡಬೇಕು. ನೀವ ನೋಡಿದವರು. ಒಂದ ಹೆಬ್ಬಟ್ಟು ಒತ್ತಿದ್ರ ನಮ್ಮ ಅಪ್ಪಾರ ಬಂದೂಕೂ ನಾಳೆ ಗಾಡಿ ಹತ್ತೂದಿಲ್ಲ.

ಕೆಂಚವ್ವ ಹೆಬ್ಬೆರಳನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು.

ಕೆಂಚವ್ವ: ಚಾಲೂ ಐತಿ ಅಣ್ಣಾರ.

ಶ್ರೀಪಾಲ: ಅವ್ವಾ!

ಕೆಂಚವ್ವ: ಹೆಬ್ಬಟ್ಟ ಊಟಕ್ಕ ಹೋಗೇತಿ. ಸೋಮವಾರ ಬರ್ರಿ. ಬರೂ ಮುಂದ ಎರಡು ಫೋಟೋ, ಹೊಲದ ಉತಾರ, ಮನ್ಯಾಗಿನವರ ತಕರಾರ ಇಲ್ಲ ಅನ್ನೂ ಕಾಗದಾ ತಗೊಂಡು ಬರ್ರಿ. ಕಣ್ಣಿನ ಸರ್ಟಿಫಿಕೀಟ ಮರೀಬ್ಯಾಡ್ರಿ, ಕರೀ ದಾರಾ ಬಿಳೇ ದಾರಾ ಗುರ್ತ ಸಿಗವಲ್ದು ನಿಮಗ.

ಸತ್ತೆಪ್ಪ ಈ ಸಲ ಬಾಯಿ ಮುಚ್ಚಿಕೊಳ್ಳದೆ ನಕ್ಕ. ಶ್ರೀಪಾಲ ಪೆನ್ನು ಹುಡುಕಿದ. ಆರು ವರ್ಷದಲ್ಲಿ ಆಗದ ವರದಿ ಆರು ನಿಮಿಷದಲ್ಲಿ ಬರೆದು ಮುಗಿಯಿತು, ಸಹಿಯ ಕೆಳಗೆ ತಾರೀಖೂ ಬಿತ್ತು. ಆಮೇಲೆ ಕೆಂಚವ್ವ ಹೆಬ್ಬೆಟ್ಟು ಒತ್ತಿದಳು, ಹುಣಸೆಹಣ್ಣಿನ ರಸ ಕಾಗದಕ್ಕೆ ಹತ್ತದ ಹಾಗೆ ಸೀರೆಯ ಸೆರಗಿಗೆ ಒರೆಸಿಕೊಂಡು. ಮರುದಿನ ಬೆಳಗಾವಿಯ ಗಾಡಿ ಎರಡು ಬಂದೂಕು ಕಡಿಮೆ ತುಂಬಿಕೊಂಡು ಹೋಯಿತು.

ಅವತ್ತು ಕಚೇರಿಯಿಂದ ಹೊರಡುವಾಗ ಶ್ರೀಪಾಲ ಹೊತ್ತು ನೋಡಿದ. ಸೂರ್ಯ ಮುಳುಗಿದ್ದ.

ಶ್ರೀಪಾಲ: ಇವತ್ತ ಉಪಾಸ ಅವ್ವಾ, ನಿಮ್ಮ ಸಲುವಾಗಿ.

ಕೆಂಚವ್ವ: ಒಂದ ಹೊತ್ತಿಂದ ಏನಾಗತೈತ್ರಿ? ಮನೀಗೆ ಹೋಗಿ ಮೊದಲ ಗುಂಡಿ ಬದಲಿ ಮಾಡ್ಕೋರಿ. ಲೈಸೆನ್ ಯಾವಾಗ ಒಯ್ಯಲಿ?

ಶ್ರೀಪಾಲ: ಇನ್ನ ದೊಡ್ಡ ಸಾಹೇಬ್ರ ಸಹಿ ಒಂದು ಆಗಬೇಕು. ಫೈಲ್ ಅವರ ಟೇಬಲ್ಲಿಗೆ ಹೋಗತೈತಿ.

ಕೆಂಚವ್ವ: ಅವರ ಟೇಬಲ್ ಎಲ್ಲೈತಿ?

ಶ್ರೀಪಾಲ ಬೆರಳು ತೋರಿಸಿದ. ಕೆಂಚವ್ವ ಎಣಿಸುತ್ತ ನಡೆದು ನೋಡಿದಳು: ಹನ್ನೆರಡು ಹೆಜ್ಜೆ.

ಮುಂದಿನ ಖಂಡೇಪೂಜೆಯೂ ಸ್ಟೇಶನ್ನಿನಲ್ಲೇ ಆಯಿತು, ಸರಿಯಾದ ಬಂದೂಕಿಗೆ, ನಂಬರು ಬಿಟ್ಟು ಕುಂಕುಮ ಹಚ್ಚಿ. ಆ ಹನ್ನೆರಡು ಹೆಜ್ಜೆಯನ್ನು ಫೈಲು ಇನ್ನೂ ನಡೆಯುತ್ತಲೇ ಇತ್ತು.

ಇದನ್ನು ಓದುತ್ತಿರುವವರೇ, ನಗುವುದಾದರೆ ನಗಿರಿ, ಕೆಂಚವ್ವನೂ ನಕ್ಕಿದ್ದಾಳೆ. ಆದರೆ ನಿಮ್ಮ ಮುಂದೊಂದು ಮೇಜಿದ್ದರೆ ಅದರ ಕೆಳಗಿನ ಖಾನೆಯನ್ನು ಈಗಲೇ ಎಳೆಯಿರಿ. ಯಾರ ಕಾಗದ ಅಲ್ಲಿ ಮಲಗಿದೆ? ಎಬ್ಬಿಸಿ, ಸಹಿ ಹಾಕಿ, ಹನ್ನೆರಡು ಹೆಜ್ಜೆ ನೀವೇ ನಡೆದು ಕೊಟ್ಟು ಬನ್ನಿ. ನಾಳೆ ಅಲ್ಲ.