ನಾಲ್ಕು ಪಟಗ, ಎರಡು ಸೀರೆ

ನನ್ನ ಹೆಂಡತಿ ಕಸ್ತೂರೆಮ್ಮನ ಮೇಲೆ ನನಗಿರುವ ದೂರು ಒಂದೇ: ನಾನು ಹೇಳಿದ್ದನ್ನು ಅವಳು ಅಕ್ಷರಶಃ ಹಾಗೆಯೇ ಮಾಡುತ್ತಾಳೆ. ಬೇರೆಯವರ ಹೆಂಡಂದಿರು ಗಂಡನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾರಂತೆ. ಅಂಥ ಭಾಗ್ಯ ನನ್ನ ಹಣೆಯಲ್ಲಿ ಬರೆದಿದ್ದರೆ ಮೊನ್ನೆ ಮಸ್ಕಿಯಲ್ಲಿ, ತುಂಬಿದ ಮದುವೆ ಹಂದರದಲ್ಲಿ, ಊರ ಮಂದಿಯ ಎದುರಿಗೆ ನನಗೆ ಆದದ್ದು ಆಗುತ್ತಿರಲಿಲ್ಲ.

ಶುರುವಾದದ್ದು ಸೀರೆಯಿಂದ. ಕಸ್ತೂರಿಯ ತಮ್ಮನ ಮದುವೆ ವೈಶಾಖದಲ್ಲಿ ಗಟ್ಟಿಯಾಗಿತ್ತು. ನಮ್ಮ ಲಿಂಗಸುಗೂರಿನ ವೈಶಾಖ ಅಂದರೆ ಬಾಗಿಲ ಚಿಲಕ ಮುಟ್ಟಿದರೂ ಕೈ ಸುಡುತ್ತದೆ. ಅವಳ ಪೆಟ್ಟಿಗೆಯಲ್ಲಿದ್ದವು ಮೂರು ಇಳಕಲ್ ಸೀರೆ; ಮೂರೂ ಚಳಿಗಾಲದಲ್ಲಿ ಹೊದ್ದುಕೊಂಡು ಮಲಗಲು ಯೋಗ್ಯವಾದವು.

"ಏನ್ರೀ, ಈ ಸೀರಿ ಉಟ್ಟು ಮದಿವಿ ಮನಿಯಾಗ ಓಡಾಡಿದ್ರ ನನ್ನ ಹೊತ್ಕೊಂಡು ಬರಬೇಕಾಗ್ತೈತಿ ನೋಡ್ರಿ" ಅಂದಳು.

"ಹೊತ್ಕೊಂಡು ಬರೂದು ನನ್ನ ಕೈಲೆ ಆಗಂಗಿಲ್ಲ. ಬಂಡಿ ಹೇಳ್ತೀನಿ."

"ನನ್ನ ತೂಕದ ಮಾತು ಸಾಕು. ಸಿಂಧನೂರಾಗ ತೆಳ್ಳನ್ನ ವಾಯಿಲ್ ಸೀರಿ ಬಂದಾವಂತ. ಡಾಕ್ಟರ ಹೆಂಡ್ತಿ ಉಟ್ಟಿದ್ಲು. ಉಟ್ಟಾಕಿಗೆ ಸೆಕೀನ ಗೊತ್ತಾಗಂಗಿಲ್ಲಂತ. ನನಗೊಂದು, ನಮ್ಮ ಪಂಪಮ್ಮಗೊಂದು ತರ್ರಿ."

ಪಂಪಮ್ಮ ಅವಳ ತಂಗಿ, ತುರ್ವಿಹಾಳಕ್ಕೆ ಕೊಟ್ಟಿದ್ದಾರೆ. ತುರ್ವಿಹಾಳದ ಆ ಗಂಡ ತನ್ನ ಹೆಂಡತಿಗೆ ತಾನೇ ಯಾಕೆ ತರಬಾರದು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. (ಮನೆಯಲ್ಲಿ ಶಾಂತಿ ಇರಬೇಕಾದರೆ ಕೆಲವು ಪ್ರಶ್ನೆಗಳನ್ನು ನುಂಗಬೇಕು.) ನಾನು ತಹಶೀಲ ಕಚೇರಿಯಲ್ಲಿ ಹಳೆ ಕಾಗದಗಳ ದಫ್ತರ ಕಾಯುವ ಗುಮಾಸ್ತ. ನನ್ನ ಪಗಾರಕ್ಕೂ ವಾಯಿಲ್ ಸೀರೆಗೂ ಪರಿಚಯವಿಲ್ಲ.

ಆಗ ನನ್ನ ತಲೆಯಲ್ಲಿ ಒಂದು ದಿವ್ಯ ಜ್ಯೋತಿ ಬೆಳಗಿತು.

ನಮ್ಮ ಕಡೆ ಯಾವುದೇ ಮದುವೆಗೆ ಹೋಗಲಿ, ಬಟ್ಟೆಯ ಉಡುಗೊರೆ ಕೊಟ್ಟು ಆಯೇರಿ ಮಾಡುತ್ತಾರಲ್ಲ? ಹೆಂಗಸರಿಗೆ ಕುಪ್ಪಸದ ಖಣ, ಗಂಡಸರಿಗೆ ತಲೆಗೆ ಸುತ್ತುವ ಪಟಗ. ತೆಳ್ಳನೆಯ ಮಲ್ಲಿನ ಬಟ್ಟೆ, ಹದಿನೆಂಟು ಮೊಳ ಉದ್ದ, ಅಗಲ ಮಾತ್ರ ಕಡಿಮೆ. ಈ ಆಯೇರಿಯ ಪಟಗವನ್ನು ಯಾರೂ ಸುತ್ತುವುದಿಲ್ಲ. ಕಟ್ಟಿಟ್ಟು ಮುಂದಿನ ಮದುವೆಯಲ್ಲಿ ಇನ್ನೊಬ್ಬರಿಗೆ ದಾಟಿಸುತ್ತಾರೆ. ನಾನು ಒಬ್ಬರಿಗೆ ಕೊಟ್ಟ ಪಟಗ ಪಾಮನಕಲ್ಲೂರಿಗೆ ಹೋಗಿ, ಅಲ್ಲಿ ನಾಲ್ಕು ಮನೆ ತಿರುಗಿ, ಮೂರು ವರ್ಷದ ಮೇಲೆ ನನಗೇ ಆಯೇರಿಯಾಗಿ ಬಂದಿತ್ತು. ಅಂಚಿನಲ್ಲಿ ನನ್ನ ಕಚೇರಿಯ ಮಸಿಯ ಕಲೆ ಹಾಗೇ ಇತ್ತು.

"ಕಸ್ತೂರಿ, ವಾಯಿಲ್ ಅಂದ್ರೇನು? ತೆಳ್ಳನ್ನ ಅರಿವಿ. ಪಟಗ ಅಂದ್ರೇನು? ತೆಳ್ಳನ್ನ ಅರಿವಿ. ಒಂದೂವರಿ ಪಟಗ ಜೋಡಿಸಿದ್ರ ಒಂದು ಸೀರಿ! ಬಣ್ಣ ಹಾಕಿದ್ರಾತು."

ಅವಳು ಕೈಯಲ್ಲಿದ್ದ ಸಟ್ಟುಗವನ್ನು ಕೆಳಗಿಟ್ಟಳು. "ಉಟ್ರ ಒಳಗಿಂದೆಲ್ಲ ಕಾಣತೈತಿ."

"ಒಳಗೂ ಪಟಗದ್ದಽ ಲಂಗ!"

"ಪೋಲಕಾ?"

"ಅದೂ ಪಟಗಽ!"

"ನಿಮಗ ಬಿಸಲು ತಲಿಗೇರೈತಿ" ಅಂದಳು. ಆದರೆ ಬೇಡ ಅನ್ನಲಿಲ್ಲ.

ನನ್ನ ಟ್ರಂಕಿನಲ್ಲಿ ಐದು ಪಟಗದ ಗಂಟುಗಳಿದ್ದವು. ನಾನು ಸಾಮಾನ್ಯ ಮನುಷ್ಯನಲ್ಲ. ನಿಜಾಮರ ಸರಕಾರ ಹೋಯಿತು, ಹೊಸದು ಬಂತು. ಕಚೇರಿಯಲ್ಲಿ ರೂಮಿ ಟೋಪಿಗಳೆಲ್ಲ ಒಂದೇ ವಾರದಲ್ಲಿ ಮಾಯವಾದವು. ಕಾಗದ ಕಟ್ಟಿಟ್ಟ ನನ್ನ ಬಟ್ಟೆಯ ಗಂಟುಗಳು, ಆ ಬಸ್ತೆಗಳು ಮಾತ್ರ ಇದ್ದಲ್ಲಿಂದ ಅಲುಗಲಿಲ್ಲ. ಮನೆಯಲ್ಲಿಯೂ ಅದೇ ಶಿಸ್ತು. ಪ್ರತಿ ಪಟಗ ಕೆಂಪು ಬಟ್ಟೆಯ ಬಸ್ತೆಯಲ್ಲಿ, ಮೇಲೆ ಚೀಟಿ. ಈ ಯುಗಾದಿಗೆ ಸುಣ್ಣ ಬಳಿದಾಗ ಹಳೆಯ ಚೀಟಿಗಳನ್ನು ಕಿತ್ತು ಹೊಸ ಚೀಟಿಗಳನ್ನು ನಾನೇ ಸ್ವಂತ ಕೈಯಿಂದ ಅಂಟಿಸಿದ್ದೆ.

ಐದರಲ್ಲಿ ಒಂದು ಪಟಗಕ್ಕೆ ಮಾತ್ರ ಯಾರೂ ಕೈ ಹಚ್ಚುವಂತಿರಲಿಲ್ಲ. ಅದು ನನ್ನ ಮದುವೆಯಲ್ಲಿ ಮಾವ ಅಮರಗುಂಡಪ್ಪನವರು ಕೊಟ್ಟ ಜರಿ ಅಂಚಿನ ಪಟಗ. ಅವರ ಮನೆತನದಲ್ಲಿ ಒಂದು ಪದ್ಧತಿ ಇದೆ. ಮಗನ ಮದುವೆಗೆ ಹಿರಿಯ ಅಳಿಯ ತನ್ನ ಮದುವೆಯ ಪಟಗವನ್ನು ಸುತ್ತಿಕೊಂಡು ಬರಬೇಕು. ಮಾವ ಎಲ್ಲರೆದುರು ಅದನ್ನು ಬಿಚ್ಚಿ, ಹೊಸ ರೇಶ್ಮೆ ಪಟಗವನ್ನು ತಮ್ಮ ಕೈಯಿಂದ ಸುತ್ತಬೇಕು. ಆ ರೇಶ್ಮೆ ಪಟಗಕ್ಕಾಗಿ ನಾನು ಒಂಬತ್ತು ವರ್ಷ ಕಾದಿದ್ದೇನೆ. ಅದಿಲ್ಲದೆ ಹೋದರೆ ಹಿರಿಯ ಅಳಿಯ ಅನ್ನುವುದಕ್ಕೆ ಏನು ಅರ್ಥ? ಕಚೇರಿಯಲ್ಲಿ ಎಲ್ಲರಿಗೂ ಹೇಳಿಯೂ ಇಟ್ಟಿದ್ದೆ: "ಸೋಮವಾರ ನೋಡ್ರಿ ನನ್ನ ತಲಿ!"

ಚೀಟಿ ನೋಡಿ ಜರಿಯ ಪಟಗದ ಬಸ್ತೆಯನ್ನು ಬದಿಗಿಟ್ಟು ಉಳಿದ ನಾಲ್ಕನ್ನು ಅವಳ ಮುಂದೆ ಹಾಕಿದೆ.

"ಒಮ್ಮೆ ಬಿಚ್ಚಿ ನೋಡ್ರೀ" ಅಂದಳು.

"ದಫ್ತರದವ ಬಸ್ತೆ ಬಿಚ್ಚಂಗಿಲ್ಲ, ಚೀಟಿ ನೋಡ್ತಾನ. ಹನ್ನೆರಡು ವರ್ಷದಾಗ ನನ್ನ ಕೈಯಾಗ ಒಂದು ಕಾಗದ ತಪ್ಪಿಲ್ಲ, ತಿಳೀತಾ?"

ಅಂದಿನಿಂದ ನಮ್ಮ ಮನೆ ಕಾರ್ಖಾನೆಯಾಯಿತು. ಒಣಗಿದ ಮುತ್ತುಗದ ಹೂವನ್ನು ಹಂಡೆಯಲ್ಲಿ ಕುದಿಸಿ ಕೇಸರಿ ಬಣ್ಣ ತೆಗೆದೆವು. ಪಂಪಮ್ಮನದಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನೇ ನಾಲ್ಕು ಚಿಟಿಕೆ ಹೆಚ್ಚು ಹಾಕಿದೆವು. ಬೆಳಗಿನ ಬಾನಿನ ಬಣ್ಣ ಬಂತು. ಬರೀ ಬಣ್ಣ ಸಪ್ಪೆ ಅನ್ನಿಸಿತು. ಅಡುಗೆ ಮನೆಯಲ್ಲಿ ಬೆಂಡೆಕಾಯಿ ಕಂಡಿತು. ಅಡ್ಡ ಕೊಯ್ದೆ, ಬಣ್ಣದಲ್ಲಿ ಅದ್ದಿದೆ, ಅಂಚಿಗೆ ಒತ್ತಿದೆ. ಐದು ಎಸಳಿನ ಹೂವು! ಕಸ್ತೂರಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ನಾನು ವಸ್ತ್ರಾಲಂಕಾರ ಸಾರ್ವಭೌಮನಂತೆ ಇಡೀ ದಿನ ಹೂವು ಒತ್ತಿದೆ. (ಆ ವಾರ ನಮ್ಮ ಮನೆಯಲ್ಲಿ ಬೆಂಡೆಕಾಯಿ ಪಲ್ಯಕ್ಕೆ ತುದಿಗಳು ಮಾತ್ರ ಉಳಿದಿದ್ದವು.)

ಹೊಲಿಗೆಗೆ ದರ್ಜಿ ಜಿಲಾನಿಸಾಬರ ಹತ್ತಿರ ಹೋದೆ. ಪೋಲಕಾದ ತೋಳು ಬುಟ್ಟಿಯಂತೆ ಉಬ್ಬಿರಬೇಕು ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಬಟ್ಟೆಯನ್ನು ಬೆಳಕಿಗೆ ಹಿಡಿದು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಜಂಬಣ್ಣ ಸಾಬ್, ಇದು ಪಟಗಾ ಅಲ್ಲೇನ್ರಿ?"

"ಪಟಗ ಇತ್ತು. ಈಗ ಸೀರಿ."

"ವಾಹ್! ನಲವತ್ತು ವರ್ಷ ಮಿಶನ್ ತುಳದೀನಿ. ಗಂಡಸರ ತಲಿ ಹೆಂಗಸರ ಮೈ ಮ್ಯಾಲ ಬಂದಿದ್ದು ಇವತ್ತಽ ನೋಡಿದೆ."

ಪಂಪಮ್ಮನ ಸೀರೆ ಮೊದಲು ಮುಗಿಯಿತು. ಕಸ್ತೂರಿ ತನ್ನದನ್ನು ಮುಚ್ಚಿಟ್ಟಳು, ಮದುವೆಯಲ್ಲೇ ನೋಡಬೇಕಂತೆ. ನಡುವೆ ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಒದ್ದೆ ಟವೆಲನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದ್ದೆ. ಅವಳು ಕೊನೆಯ ಬಸ್ತೆಯನ್ನು ಬಿಚ್ಚಿರಬೇಕು. ಬಂದು ಹತ್ತಿರ ಕೂತಳು.

"ರೀ, ಇದನ್ನೂ ಕೊಡ್ತೀರೇನು? ಖರೇನ?"

"ನಾಲ್ಕೂ ನಿನ್ನವಽ. ಹರಿ, ಕತ್ತರಿಸು, ಏನರ ಮಾಡು."

"ಮಸ್ಕಿಯಾಗ ಅಪ್ಪ ಏನಂತಾನೋ?"

"ನಿಮ್ಮಪ್ಪ ಸೀರಿ ನೋಡಿ ಖುಷಿ ಆಗ್ತಾನ, ಹೋಗು."

ಅವಳು ಎದ್ದು ಒಳಗೆ ಹೋದಳು. ಅಂದು ಸಂಜೆ ಶ್ಯಾವಿಗೆ ಪಾಯಸ ಮಾಡಿ, ಕೇಳದೆಯೇ ತುಪ್ಪ ಸುರಿದಳು. "ನಿಮ್ಮಂಥೋರು ಎಲ್ಲ್ಯಾರ ಸಿಗ್ತಾರೇನ್ರಿ!" ಅಂದಳು. ಮರುದಿನ ನನ್ನ ಕರಿ ಟೋಪಿಯನ್ನು ತಾನೇ ಝಾಡಿಸಿ ಕೊಟ್ಟಳು. ಒಂಬತ್ತು ವರ್ಷದಲ್ಲಿ ಕಾಣದ ಮರ್ಯಾದೆ ಇದು. ನನ್ನ ಬೆಂಡೆಕಾಯಿ ಹೂವಿನ ಪ್ರಭಾವ ಎಂದು ತಿಳಿದು ಉಳಿದ ಪಾಯಸವನ್ನೂ ಎರಡು ಬಟ್ಟಲು ತಿಂದೆ.

ಮದುವೆಯ ಕೆಲಸಕ್ಕೆಂದು ಅವಳು ನಾಲ್ಕು ದಿನ ಮೊದಲೇ ತವರಿಗೆ ಹೋದಳು. ಲಗ್ನದ ದಿನ ಬೆಳಿಗ್ಗೆ ನಾನು ಮಸ್ಕಿಯ ಬಸ್ಸಿನಲ್ಲಿ, ಅಲ್ಲಿ ಹೋಗಿ ಸುತ್ತಿಕೊಳ್ಳಲೆಂದು ಜರಿ ಪಟಗದ ಬಸ್ತೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಪಕ್ಕದವ ಮುಟ್ಟಿದರೆ ಸಿಟ್ಟಿಗೇಳುತ್ತಿದ್ದೆ.

ಹಂದರದೊಳಗೆ ಕಾಲಿಟ್ಟರೆ ಹೆಂಗಸರೆಲ್ಲ ಒಂದೇ ಕಡೆ ಗುಂಪುಗೂಡಿದ್ದರು. ನಡುವೆ ಕಸ್ತೂರಿ! ಕೇಸರಿ ಸೀರೆ, ಅಂಚಿಗೆ ನನ್ನ ಹೂವು, ಉಬ್ಬಿದ ತೋಳಿನ ಪೋಲಕಾ, ಮುಡಿಯಲ್ಲಿ ಮಲ್ಲಿಗೆ. ಇಳಕಲ್ ಉಟ್ಟವರೆಲ್ಲ ಬೆವರಿನಲ್ಲಿ ತೊಯ್ದು ಬೀಸಣಿಕೆ ಹುಡುಕುತ್ತಿದ್ದರೆ ಇವಳು ಗಾಳಿಯಂತೆ ಓಡಾಡುತ್ತಿದ್ದಳು. ನಿಜ ಹೇಳುತ್ತೇನೆ, ಅವಳು ಅಷ್ಟು ಚೆಂದ ಕಂಡದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಎಲ್ಲಿ ತಂದೆವ್ವಾ ಇದನ್ನ? ಹೈದ್ರಾಬಾದಾಗೇನು?" ಎಂದು ಯಾರೋ ಕೇಳುತ್ತಿದ್ದರು. ನಾನು ಮೀಸೆ ತಿರುವಿಕೊಂಡೆ.

ಅಷ್ಟರಲ್ಲಿ ಅವಳು ತಿರುಗಿದಳು. ಸೆರಗಿನ ತುದಿ ಬಣ್ಣವಿಲ್ಲದೆ ಬೆಳ್ಳಗಿತ್ತು; ಅದರಲ್ಲಿ ಗೇಣಗಲದ ಜರಿ ಥಳಥಳ ಹೊಳೆಯಿತು. ಆ ಜರಿಗೂ ನನಗೂ ಎಲ್ಲೋ ಭೇಟಿಯಾದಂತಿತ್ತು.

ಒಳಕೋಣೆಗೆ ಓಡಿ ಬಸ್ತೆ ಬಿಚ್ಚಿದೆ. ಚೀಟಿಯ ಮೇಲೆ ನನ್ನ ಮುತ್ತಿನಂಥ ಅಕ್ಷರದಲ್ಲಿ "ಮದುವೆಯ ಜರಿ ಪಟಗ". ಒಳಗೆ ಪಾಮನಕಲ್ಲೂರಿನಿಂದ ಬಂದ ಪಟಗ! ಮಸಿಯ ಕಲೆ, ಜೊತೆಗೆ ಇಲಿ ಕಡಿದ ಎರಡು ತೂತು. ಯುಗಾದಿಗೆ ಚೀಟಿಗಳನ್ನು ಅದಲು ಬದಲು ಅಂಟಿಸಿದ ಆ ಸ್ವಂತ ಕೈಯನ್ನು ನಾನೇ ಕಚ್ಚಿಕೊಳ್ಳಬೇಕೆನಿಸಿತು.

ಬಾಗಿಲ ಮರೆಗೆ ಕಸ್ತೂರಿಯನ್ನು ಕರೆದೆ. "ಏನು ಮಾಡೀದಿ ಇದು?"

"ನೀವು ಹೇಳಿದ್ದಽ ಮಾಡೀನಿ. ಕೇಳಿದೆನಲ್ರಿ? ನಾಲ್ಕೂ ನಿನ್ನವ ಅಂದ್ರಿ. ಜರಿ ಪಟಗಾನೂ ಬಿಟ್ಟುಕೊಟ್ರಲ್ಲ ಅಂತ ನಾ ಆವತ್ತು ಅತ್ತೀನಿ. ನಮ್ಮವ್ವನ ಮುಂದ ಹೇಳೀನಿ, ಅಪ್ಪನ ಮುಂದ ಹೇಳೀನಿ, ಊರಿಗೆಲ್ಲ ಹೇಳೀನಿ: ನನ್ನ ಗಂಡ ರೇಶ್ಮಿ ಪಟಗದ ಆಸೆ ಬಿಟ್ಟು ನನಗ ಸೀರಿ ಮಾಡಿಸ್ಯಾರ ಅಂತ." ಹೇಳುತ್ತ ಹೇಳುತ್ತ ನನ್ನ ಮುಖ ನೋಡಿದಳು. ಅವಳ ಮುಖ ಸಣ್ಣಗಾಯಿತು. "ಅಂದ್ರ... ನಿಮಗ ಗೊತ್ತಿದ್ದಿಲ್ಲೇನು?"

ನಾಲಿಗೆಯ ತುದಿಗೆ ಬಂದಿತ್ತು, ಗೊತ್ತಿರಲಿಲ್ಲ ಎಂದು. ಗೊತ್ತಿದ್ದರೆ ನಿನ್ನ ನೆರಳನ್ನೂ ಅದಕ್ಕೆ ಸೋಕಿಸುತ್ತಿರಲಿಲ್ಲ ಎಂದು. ಆದರೆ ಮುತ್ತುಗದ ಬಣ್ಣದಲ್ಲಿ ನಿಂತ ಆ ಹೆಂಗಸನ್ನು ನೋಡುತ್ತ ಹಾಗೆ ಹೇಳಲು ಎದೆ ಕಲ್ಲಾಗಿರಬೇಕು.

"ಗೊತ್ತಿತ್ತು" ಅಂದೆ. "ಗೊತ್ತಿದ್ದಽ ಕೊಟ್ಟೀನಿ."

"ಮತ್ತ ಹಂಗ್ಯಾಕ ನೋಡಿದ್ರಿ?"

"ಸೀರಿ ನೋಡಿದೆ. ಚಲೋ ಬಂದೈತಿ."

ಅವಳ ಮುಖ ಮತ್ತೆ ಅರಳಿತು. ನನಗಿನ್ನೂ ಒಂದು ಆಸೆ ಉಳಿದಿತ್ತು: ಇಷ್ಟು ದೊಡ್ಡ ತ್ಯಾಗಿಗೆ ಮಾವ ರೇಶ್ಮೆ ಪಟಗವನ್ನು ಹೇಗಿದ್ದರೂ ಸುತ್ತಿಯೇ ಸುತ್ತುತ್ತಾರೆ.

ಅಕ್ಷತೆ ಮುಗಿದು ಆಯೇರಿ ಶುರುವಾಯಿತು. ಅಷ್ಟೊತ್ತಿಗೆ ನನ್ನ ಕರಿ ಟೋಪಿ ಯಾರದೋ ಕೂಸಿನ ಕೈಗೆ ಸಿಕ್ಕು ಪಾಯಸದ ಪಾತ್ರೆಗೆ ಬಿದ್ದಿತ್ತು. ತಲೆಯ ಮೇಲೆ ಟವೆಲು ಹಾಕಿಕೊಂಡು ಹೋಗಿ ನಿಂತೆ. ಮಾವ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಅವರ ಕಣ್ಣಲ್ಲಿ ನೀರಿತ್ತು.

"ನೋಡ್ರೆಪಾ, ನಮ್ಮ ಮನಿತನದಾಗ ಇಂಥಾ ಅಳಿಯ ಬಂದಿದ್ದಿಲ್ಲ. ತಲೀ ಮ್ಯಾಲಿನ ಪಟಗ ತಗದು ಹೆಂಡ್ತಿಗೆ ಸೀರಿ ಮಾಡಿಸ್ಯಾರ. ಇವರಿಗೆ ರೇಶ್ಮಿ ಪಟಗದ ಆಸೆ ಎಲ್ಲೈತಿ?"

"ಹಂಗೇನಿಲ್ಲ ಮಾವನವರ..." ಅಂದೆ.

"ಸುಮ್ಮನಿರ್ರಿ, ನಿಮ್ಮ ಮನಸ್ಸು ನನಗ ತಿಳದೈತಿ. ಪಟಗ ಕೊಟ್ರ ಅದನ್ನೂ ಹರಿದು ಸೀರಿ ಮಾಡ್ತೀರಿ. ಅದಕ್ಕ ಸೀದಾ ಸೀರೀನ ತಂದೀನಿ!"

ಹೀಗೆಂದು ಹಸಿರು ಇಳಕಲ್ ಸೀರೆಯೊಂದನ್ನು, ಮೇಲೊಂದು ಖಣವಿಟ್ಟು, ನನ್ನ ಎರಡೂ ಕೈಗೆ ಕೊಟ್ಟರು. ಅತ್ತೆ ವೀರಭದ್ರಮ್ಮನವರು ಕುಂಕುಮದ ಬಟ್ಟಲನ್ನು ಹಿಡಿದೇ ಬಂದವರು, ನನ್ನನ್ನು ನೋಡಿ, ಹಚ್ಚಬೇಕೋ ಬೇಡವೋ ತಿಳಿಯದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಹಂದರವೆಲ್ಲ ನಕ್ಕಿತು. ಆ ರೇಶ್ಮೆ ಪಟಗ, ನನ್ನ ಒಂಬತ್ತು ವರ್ಷದ ಪಟಗ, ತುರ್ವಿಹಾಳದವನ ತಲೆಗೆ ಹೋಯಿತು. ಅವನಿಗೆ ಅದು ಒಪ್ಪಲೂ ಇಲ್ಲ.

ಮರುದಿನ ಮಧ್ಯಾಹ್ನ ಲಿಂಗಸುಗೂರಿನ ಬಸ್ಸಿಗೆ ಕಾಯುತ್ತ ನಿಂತೆವು. ಬಿಸಿಲಿಗೆ ನೆತ್ತಿ ಕಾಯುತ್ತಿತ್ತು. ಟವೆಲು ಸಾಲದಾಯಿತು. ಕಸ್ತೂರಿ ಗಂಟು ಬಿಚ್ಚಿ ಆ ಹಸಿರು ಇಳಕಲ್ ಸೀರೆಯನ್ನು ತೆಗೆದಳು.

"ಇದನ್ನ ಸುತ್ಕೋರಿ ತಲಿಗೆ."

"ಸೀರಿ?"

"ಬ್ಯಾಸಗ್ಯಾಗ ಇಷ್ಟು ದಪ್ಪಂದು ಯಾರು ಉಡ್ತಾರ? ನನಗ ಬ್ಯಾಡವ್ವ. ಬಿಸಲಿಗೆ ಚಲೋ ಆಸರ ಆಗತೈತಿ."

ಬೇರೆ ದಾರಿ ಇರಲಿಲ್ಲ. ಕೆಂಪು ಸೆರಗು ಒಳಗೆ ಹೋಗುವಂತೆ ಜಾಣತನದಿಂದ ಸುತ್ತಿಕೊಂಡೆ. ಅದು ಎರಡು ಸಲ ಹೊರಗೆ ಬಂತು. ಬಸ್ಸು ಹತ್ತಿ ಕೂತರೆ ತೊಡೆಯ ಮೇಲೆ ಮತ್ತೊಂದು ದೊಡ್ಡ ಗಂಟು. ಅದರಲ್ಲಿ ಹನ್ನೊಂದು ಪಟಗಗಳು. ಮಸ್ಕಿಯ ಹೆಂಗಸರು ಗಂಡಂದಿರ ಪೆಟ್ಟಿಗೆಯಿಂದ ತೆಗೆದು, "ಅಣ್ಣಾರಿಗೆ ಹೇಳಿ, ನಮಗೂ ಬೆಂಡಿಕಾಯಿ ಹೂವಿಂದ ಮಾಡಿಸಿ ಕಳಸ್ರಿ" ಎಂದು ಕಸ್ತೂರಿಯ ಕೈಗೆ ಕೊಟ್ಟಂಥವು. ಹನ್ನೊಂದರಲ್ಲಿ ಒಂದೂ ನನ್ನದಲ್ಲ. ನನ್ನ ಹೆಂಡತಿ ಪಕ್ಕದಲ್ಲಿ ಕೂತು, ಕಿಟಕಿಯ ಗಾಳಿಗೆ ಜರಿ ಸೆರಗು ಹಾರಿಸುತ್ತ, ಯಾವ ಸೀರೆಗೆ ಯಾವ ಬಣ್ಣ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಳು. ಇಷ್ಟು ಖುಷಿಯಾಗಿ ಅವಳು ಮಾತಾಡಿದರೆ ನಾನು ಸಿಟ್ಟು ಮಾಡುವುದಾದರೂ ಹೇಗೆ?

ಲಿಂಗಸುಗೂರಿನಲ್ಲಿ ಇಳಿದರೆ ಎದುರಿಗೇ ಜಿಲಾನಿಸಾಬರು ಬೀಡಿ ಸೇದುತ್ತ ನಿಂತಿದ್ದರು. ಸುತ್ತಲೂ ನಮ್ಮ ಕಚೇರಿಯ ಮೂವರು, ನನ್ನ ತಲೆಯನ್ನು ಸೋಮವಾರದ ತನಕ ಕಾಯಲಾರದೆ ಬಂದವರು. ಜಿಲಾನಿಸಾಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು, ಸಲಾಮು ಮಾಡಿದರು, ಬೀಡಿಯನ್ನು ತೆಗೆದು ಎಲ್ಲರಿಗೂ ಕೇಳುವಂತೆ ವಿನಯದಿಂದ ಕೇಳಿದರು:

"ಜಂಬಣ್ಣ ಸಾಬ್, ಪಟಗಾ ಭಾಳ ಚಲೋ ಐತಿ. ಯಾವ ಸೀರೀದು?"